ನೂಲು ಕಚ್ಚಿದವಳು

ಪಾಲಯ್ಯನವರು ಅದನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು
ಹಾವು ಹಿಡಿದವರ ಹಾಗೆ, ಮೈಯಿಂದ ದೂರ.
"ಅನಸೂಯಾಬಾಯಿ, ನೀವೇ ನೋಡಿ ಹೇಳ್ಬೇಕು.
ಫೋಟೋ ಕಟ್ಟೋನು ಗಾಜು ಹಾಕ್ತೀನಂದ,
ಯಾಕೋ ಮನಸ್ಸು ಬರಲಿಲ್ಲ."

ಮಗ್ಗದ ಪಕ್ಕ ಚಾಪೆ ಹಾಸಿ ಬಿಚ್ಚಿದೆವು.
ಮೊದಲು ಬರಿ ಬಯಲು, ಚಹಾದ ಬಣ್ಣ, ಮೊಳದಷ್ಟು.
ಆಮೇಲೆ ಹೂವಿಲ್ಲದ ತುರುಬು.
ಆಮೇಲೆ ಅವಳು:
ಮಂಡಿಯೂರಿ ಕೂತವಳು, ತೊಡೆಯ ಮೇಲೆ ಅರ್ಧ ಹೊಲಿದ ಬಟ್ಟೆ,
ನೂಲನ್ನು ತುಟಿಗಳ ನಡುವೆ ಇಟ್ಟು
ಇನ್ನೇನು ಕಚ್ಚಿ ಕಡಿಯಬೇಕು.
ಕಡಿದಿಲ್ಲ.

ಇಪ್ಪತ್ತೆಂಟು ವರ್ಷ ಕಡಿದಿಲ್ಲವಂತೆ
ಪಾಲಯ್ಯನವರ ನಡುಮನೆಯಲ್ಲಿ,
ಬ್ಯಾಂಕಿನ ಕ್ಯಾಲೆಂಡರಿಗೂ ಟ್ಯೂಬ್‌ಲೈಟಿಗೂ ನಡುವೆ.
ರೇಷ್ಮೆ ಇಲಾಖೆಯಲ್ಲಿ ಇವರಿದ್ದಾಗ
ದ್ವಿತಳಿ ಗೂಡು ಬೆಳೆಯೋದು ಕಲಿಸಲು ಜಪಾನಿನಿಂದ ಬಂದ ಫುಮಿಕೊ,
ಹುಳ ಸಾಕುವ ಹೆಂಗಸರ ಬಾಯಲ್ಲಿ ಪುಮ್ಮಕ್ಕ,
ಹೋಗುವಾಗ ಕೊಟ್ಟು ಹೋಗಿದ್ದು.
ಯಾರ ಕೈಯದು, ಯಾವ ಕಾಲದ್ದು, ಇವರು ಕೇಳಲಿಲ್ಲ.
ಒಂದೇ ಮಾತು ಹೇಳಿದ್ದಳಂತೆ, ಅರ್ಧ ಕೈಸನ್ನೆಯಲ್ಲಿ:
ವರ್ಷಕ್ಕೊಂದು ತಿಂಗಳು ತೂಗುಬಿಡಿ,
ಉಳಿದ ತಿಂಗಳೆಲ್ಲ ಸುತ್ತಿ ಪೆಟ್ಟಿಗೆಯಲ್ಲಿ ಮಲಗಿಸಿ.
"ಪೆಟ್ಟಿಗೆ ಏನಾಯ್ತು?" ಅಂದೆ.
"ಮೊಮ್ಮಗ ಗಾಳಿಪಟದ ಸಾಮಾನು ಇಟ್ಕೊಂಡಿದಾನೆ."

ಎಲ್ಲರೂ ಮುಖ ನೋಡುತ್ತಾರೆ. ನಾನು ನೇಯ್ಗೆ ನೋಡಿದೆ.
ನಾವು ಸೋಪು ಹಾಕಿ ಕುದಿಸಿ ರೇಷ್ಮೆಯ ಗೋಂದು ಬಿಡಿಸುತ್ತೇವೆ,
ಆಗಲೇ ಹೊಳಪು, ಆಗಲೇ ಮದುವೆಮನೆಯ ಯೋಗ್ಯತೆ.
ಇವರು ಬಿಡಿಸಿಲ್ಲ. ಹಾಸು ಜೋಡಿ ಜೋಡಿ,
ಹೊಕ್ಕು ಸಣ್ಣ, ನಡುನಡುವೆ ಸಂದು.
ಮೊಳಕಾಲ್ಮೂರಲ್ಲಿ ಹೀಗೆ ನೇಯ್ದರೆ
ಮಾಲೀಕರು ಸೀರೆಯನ್ನು ಮುಖಕ್ಕೆ ಎಸೆದಾರು.
ಆ ಸಂದಿನಲ್ಲೇ ಬಣ್ಣ ಕೂತಿದೆ.

ನಮ್ಮ ಬಿಸಿಲಿಗೆ,
ನುಂಕೆಮಲೆಯ ಬಂಡೆ ಕಾದು ಉಗುಳುವ ಗಾಳಿಗೆ
ಹಿಂದಿನ ಕಾಗದ ಅಂಟು ಬಿಟ್ಟಿತ್ತು.
ಉಗುರಿನಿಂದ ಎತ್ತಿ ಇಣುಕಿದೆ.
"ನೋಡ್ರಿ ಇಲ್ಲಿ" ಅಂದೆ. ದನಿ ತಾನೇ ತಗ್ಗಿತು.
ಕೆನ್ನೆಯ ಬಿಳುಪು ಬಳಿದದ್ದು ಹಿಂದಿನಿಂದ.
ಮುಂದಿರುವುದು ಬರಿ ಗೆರೆ.
ಇಷ್ಟು ದಿನ ನೀವು ನೋಡಿದ್ದು
ಬಟ್ಟೆಯ ಬೆನ್ನು ಸೋಸಿ ಕೊಟ್ಟ ಮುಖ, ಪಾಲಯ್ಯನವರೇ.

ತೋಳಿನ ಹತ್ತಿರ ಹುಳ ತಿಂದ ತೂತು, ತೊಗರಿಬೇಳೆಯಷ್ಟು.
ಅಚ್ಚು ಕೆಚ್ಚುವ ಕೈ ನನ್ನದು:
ಬೂದಿ ಮುಟ್ಟಿದ ಹೆಬ್ಬೆರಳು, ತೋರುಬೆರಳು,
ಹಳೆ ಎಳೆಗೆ ಹೊಸ ಎಳೆ, ಒಂದು ಹಾಸಿಗೆ ನಾಲ್ಕು ಸಾವಿರ ಸಲ,
ಗಂಟಿಲ್ಲದೆ ಹೊಸೆದು ಕೂಡಿಸುವ ಕೈ.
ಬೇಯಿಸದ ರೇಷ್ಮೆಯಲ್ಲಿ ಒಂದೆಳೆ ಹುಡುಕಿದೆ,
ಅದನ್ನೂ ಎರಡಾಗಿ ಸೀಳಿದೆ.
ಐದು ಕೂಡಿಸಿ ನಿಲ್ಲಿಸಿದೆ.
ಆರನೆಯದು ಅವಳ ನೂಲಿಗೆ ತಾಗುತ್ತಿತ್ತು.
ಅದು ಅವಳ ಕೆಲಸ.

ಬರೆದವನು ಗಂಡಸೇ ಇರಬೇಕು,
ಕುತ್ತಿಗೆಯನ್ನು ಅಷ್ಟು ಹೊತ್ತು ನೋಡಿದ್ದಾನೆ.
ಆದರೆ ನೂಲು ಕಚ್ಚುವುದನ್ನು ಯಾರನ್ನೋ ನೋಡಿಯೇ ಕಲಿತಿದ್ದಾನೆ:
ನಡುವಿನ ಹಲ್ಲಲ್ಲ, ಅದರ ಪಕ್ಕದ್ದು, ಎಡಗಡೆ.
ನನ್ನ ಆ ಹಲ್ಲಿನಲ್ಲಿ ನೂಲು ಕೊರೆದ ಕಚ್ಚು ಇದೆ,
ನಾಲಿಗೆ ಹೋಗಿ ಹೋಗಿ ಅಲ್ಲೇ ನಿಲ್ಲುತ್ತದೆ.
ಅವಳು ತುಟಿ ಮುಚ್ಚಿದ್ದಾಳೆ.
ತೆರೆದಿದ್ದರೆ ತೋರಿಸುತ್ತಿದ್ದಳು.

"ಎಷ್ಟಾಯ್ತು?"
ದುಡ್ಡು ಬೇಡ. ಆಷಾಢ ಬರ್ತಿದೆ,
ಮದುವೆಯಿಲ್ಲ, ಸೀರೆ ಕೇಳೋರಿಲ್ಲ.
ಆ ಒಂದು ತಿಂಗಳು ಇಲ್ಲಿರಲಿ ಇವಳು.
ಶ್ರಾವಣಕ್ಕೆ ಸುತ್ತಿ ಕೊಡ್ತೀನಿ,
ಬರುವಾಗ ಪೆಟ್ಟಿಗೆ ತನ್ನಿ.

ರಾತ್ರಿ ಮಗ್ಗದ ಕುಣಿಯಿಂದ ಮೇಲೆದ್ದು ಬಂದ ಯಜಮಾನರು
ಗೋಡೆ ನೋಡಿ, ಹೆಗಲ ಟವೆಲ್ಲು ಮೈತುಂಬ ಹೊದ್ದುಕೊಂಡರು,
ಪರಊರ ಹೆಂಗಸು ಮನೆಗೆ ಬಂದಾಳೆಂಬಂತೆ.
ಊಟಕ್ಕೆ ಕೂತವರು
ಎರಡು ತುತ್ತು ಮುದ್ದೆ ನುಂಗಿ, ಮೆಲ್ಲಗೆ ಕೇಳಿದರು:
"ಇನ್ನೂ ಕಡಿದಿಲ್ವಾ?"